ಹೂವು ಮುಡಿದವರಿಗೆ ಪ್ರವೇಶವಿಲ್ಲ

"ತಲೆಯಲ್ಲಿರೋ ಹೂವು ತೆಗೆದಿಟ್ಟು ಬನ್ನಿ."

ಮುನಿಕೃಷ್ಣ ಪ್ರಮೋದಾಳ ಹತ್ತಿರ ಆಡಿದ ಮೊಟ್ಟಮೊದಲ ಮಾತು ಇದು. ನಮಸ್ಕಾರ ಇಲ್ಲ, ಕೂತ್ಕೊಳ್ಳಿ ಇಲ್ಲ, ಒಂದು ಲೋಟ ನೀರಿನ ಉಪಚಾರವೂ ಇಲ್ಲ. ಏಪ್ರಿಲ್ ಬಿಸಿಲಲ್ಲಿ ದೊಡ್ಡಬಳ್ಳಾಪುರದಿಂದ ಮಾಕಳಿದುರ್ಗದ ಬುಡದವರೆಗೆ ಸ್ಕೂಟರ್ ಓಡಿಸಿಕೊಂಡು ಬಂದವಳಿಗೆ, ವೈನ್ ಇಡುವ ನೆಲಮಾಳಿಗೆಯ ಬಾಗಿಲಿಗೆ ಅಡ್ಡ ನಿಂತು ಈ ಮಾತು.

ಹೆಣ್ಣುಮಗಳಿಗೆ ಹೂವು ತೆಗಿ ಅನ್ನುವ ಮಾತನ್ನು ನಮ್ಮ ಕಡೆ ಹಗೆಯವರೂ ಆಡುವುದಿಲ್ಲ. ಬೆಳಿಗ್ಗೆಯಷ್ಟೇ ಅಮ್ಮ ನಾರಾಯಣಮ್ಮ ಒಂದು ಮೊಳ ಗುಂಡುಮಲ್ಲಿಗೆ ತಾನೇ ಕಟ್ಟಿ, ತಾನೇ ಮುಡಿಸಿ ಕಳಿಸಿದ್ದಳು. ಪ್ರಮೋದಾಳ ಮೂಗಿನ ತುದಿ ಕೆಂಪಾಯಿತು.

"ನಿಮ್ಮನೇಲಿ ಹೆಣ್ಮಕ್ಕಳನ್ನ ಹೀಗೇನಾ ಮಾತಾಡ್ಸೋದು?"

ಅವನಿಗೆ ತಾನು ಏನಂದೆ ಅನ್ನುವುದು ಆಗ ಹೊಳೆಯಿತು. ಕಿವಿಯ ತನಕ ಬೆವತುಹೋದ.

"ಅಯ್ಯಯ್ಯೋ, ಹಂಗಲ್ಲ ಮೇಡಂ! ಮಲ್ಲಿಗೆ ಘಮ ಮೂಗಲ್ಲಿ ಕೂತ್ರೆ ವೈನಿನ ವಾಸನೆ ತಿಳಿಯಲ್ಲ. ರುಚಿ ನೋಡೋರು ಸೆಂಟೂ ಹಾಕ್ಬಾರ್ದು, ಹೂವೂ ಮುಡೀಬಾರ್ದು. ಅದನ್ನ ಹೇಳೋಕೆ ಹೋಗಿ... ನನ್ನ ಬಾಯಿಗಿಷ್ಟು ಮಣ್ಣು ಹಾಕ."

ವೈನ್ ರುಚಿ ನೋಡುವ ಪರೀಕ್ಷೆ ಪಾಸು ಮಾಡಿ ಪ್ರಮೋದಾ ಊರಿಗೆ ಬಂದು ಆಗ ಹದಿನೈದು ದಿನ ಆಗಿತ್ತು. ವಾರಕ್ಕೊಮ್ಮೆ ಬಂದು ತನ್ನ ವೈನಿನ ರುಚಿ ನೋಡಿ ಹೇಳಲಿ ಅಂತ ಮುನಿಕೃಷ್ಣ ಅವಳಿಗೆ ಹೇಳಿಕಳಿಸಿದ್ದ. ಓದಿದ ಪುಸ್ತಕಗಳಲ್ಲಿ ಸೆಂಟು ಬೇಡ ಅಂತ ಇತ್ತು. ಮಲ್ಲಿಗೆಯ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ, ಬರೆದವರು ಯಾರೂ ಮಲ್ಲಿಗೆ ಮುಡಿದವರಲ್ಲವಲ್ಲ. ಅವಳು ತಾನೇ ಹೂವು ತೆಗೆದು ಸ್ಕೂಟರಿನ ಕನ್ನಡಿಗೆ ಸುತ್ತಿ, ಮುಖ ಗಂಟುಹಾಕಿಕೊಂಡೇ ಒಳಗೆ ಹೋದಳು.

ಒಳಗೆ ಅವನು ಪೀಪಾಯಿಯಿಂದ ಬಗ್ಗಿಸಿಕೊಟ್ಟ ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ಕಣ್ಣು ಮುಚ್ಚಿ, ಆಮೇಲೆ ಬಕೆಟ್ಟಿಗೆ ಉಗುಳಿದಳು. ಅವನ ಮುಖದಲ್ಲಿ ಒಂದು ಸಣ್ಣ ನೋವು ಹಾದುಹೋಯಿತು.

"ಚೆನ್ನಾಗಿಲ್ವಾ?"

"ಚೆನ್ನಾಗಿದೆ. ನುಂಗಿದ್ರೆ ನಾಲಿಗೆ ಮಂಕಾಗುತ್ತೆ. ರುಚಿ ನೋಡೋರು ನುಂಗೋ ಹಾಗಿಲ್ಲ. ಅಷ್ಟು ಗೊತ್ತಿಲ್ವಾ ನಿಮಗೆ?"

"ಗೊತ್ತು ಮೇಡಂ. ಆದ್ರೂ ಯಾರಾದ್ರೂ ಉಗುಳಿದ್ರೆ ಹೊಟ್ಟೆ ಚುರುಕ್ ಅನ್ನುತ್ತೆ."

ಮುಂದಿನ ಮಂಗಳವಾರ ಅವಳು ಬರಿದಲೆಯಲ್ಲಿ ಹೋದಳು. ಬಾಗಿಲ ಪಕ್ಕದ ಕಿಟಕಿಯಲ್ಲಿ ಬಾಳೆ ಎಲೆಯ ತುಂಡಿನ ಮೇಲೆ ಒಂದು ಮೊಳ ಕನಕಾಂಬರ ಕಾದಿತ್ತು.

"ಇದಕ್ಕೆ ವಾಸನೆ ಇಲ್ಲ," ಅಂದ ಅವನು, ಗೋಡೆ ನೋಡುತ್ತಾ. "ಹೂವು ಮುಡಿದ ಹಾಗೂ ಆಯ್ತು, ಕೆಲಸ ಕೆಡದ ಹಾಗೂ ಆಯ್ತು."

ಅವಳಿಗೆ ನಗು ತಡೆಯಲಾಗಲಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಕ್ಷಮೆ ಕೇಳುವ ಗಂಡಸನ್ನು ಅವಳು ಅದೇ ಮೊದಲು ನೋಡಿದ್ದು.

*

ಹಾಗೆ ಶುರುವಾದ ಮಂಗಳವಾರಗಳು ಎರಡು ವರ್ಷ ನಡೆದವು.

ಮುನಿಕೃಷ್ಣನ ತೋಟ ಅಂದರೆ ಅವನ ತಾತ ಪಿಳ್ಳಪ್ಪ ಹಾಕಿದ ದ್ರಾಕ್ಷಿ ಚಪ್ಪರ. ಬೆಂಗಳೂರು ಬ್ಲೂ ಅನ್ನುವ ನಮ್ಮೂರ ಕಪ್ಪು ದ್ರಾಕ್ಷಿ. ಅದು ಜ್ಯೂಸಿಗೆ ಸರಿ, ಜಾಮಿಗೆ ಸರಿ, ಒಳ್ಳೆಯ ವೈನಿಗೆ ಬಾರದು ಅಂತ ದೊಡ್ಡ ದೊಡ್ಡವರೆಲ್ಲ ಹೇಳಿ ಮುಗಿಸಿಬಿಟ್ಟಿದ್ದರು. ಅದರಿಂದಲೇ ಮಾಡಿ ತೋರಿಸುತ್ತೇನೆ ಅಂತ ಹಟ ಹಿಡಿದವನು ಇವನು. ಮೂಗು ಅವಳದು, ಕೈ ಅವನದು.

ಪ್ರಮೋದಾ ದೊಡ್ಡಬಳ್ಳಾಪುರದ ನೇಕಾರರ ಮನೆಯವಳು. ಪವರ್‌ಲೂಮಿನ ಸದ್ದಿನಲ್ಲೇ ಹುಟ್ಟಿ, ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವಳು. ಮಗ್ಗ ನಿಂತರೆ ಅವಳಿಗೆ ಎಚ್ಚರವಾಗುತ್ತಿತ್ತು. ವೈನಿನ ಬಗ್ಗೆ ಮಾತಾಡುವಾಗ ಅವಳ ಬಾಯಿಗೆ ಬರುತ್ತಿದ್ದುದೂ ಮನೆಯ ಮಾತೇ.

"ಹಾಸು ಗಟ್ಟಿಯಾಗಿದೆ, ಹೊಕ್ಕು ಸಡಿಲ. ಸೆರಗಿನ ಹತ್ತಿರ ಬಂದಾಗ ಬಣ್ಣ ಬಿಡ್ತಾ ಇದೆ," ಅನ್ನುವಳು.

"ಇದನ್ನ ಉಟ್ಕೊಳ್ಳೋದಾ ಕುಡಿಯೋದಾ ಮೇಡಂ?" ಅನ್ನುವನು ಅವನು, ಹಾಗನ್ನುತ್ತಲೇ ಒಂದಕ್ಷರ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವನು.

ಎರಡು ವರ್ಷದಲ್ಲಿ ಅವನು ಅವಳನ್ನು ಮೇಡಂ ಅನ್ನುವುದು ಬಿಡಲಿಲ್ಲ. ವೈನ್ ಲೋಟ ಕೊಡುವಾಗ ಬೆರಳು ತಾಗದಂತೆ ಅದರ ಗಾಜಿನ ಕಾಲನ್ನು ಹಿಡಿದು ಕೊಡುತ್ತಿದ್ದ. ಅವಳು ಕಣ್ಣು ಮುಚ್ಚಿ ರುಚಿ ನೋಡುವಾಗ ಮಾತ್ರ ಅವನು ತನ್ನನ್ನೇ ನೋಡುತ್ತಾನೆ ಅನ್ನುವುದು ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತು ಅಂತ ಕೇಳಬೇಡಿ. ಒಂದು ಗುಟುಕಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅವಳು ಕಣ್ಣು ಮುಚ್ಚಿಕೊಂಡಿರುತ್ತಿದ್ದಳು, ಅಷ್ಟೆ.

"ಒಂದು ದಿನವಾದ್ರೂ ನುಂಗ್ತೀರಾ ಮೇಡಂ?" ಅಂತ ಒಮ್ಮೆ ಕೇಳಿದ್ದ.

"ಈ ಕೆಲಸ ಬಿಟ್ಟ ದಿನ ನುಂಗ್ತೀನಿ."

"ಹಂಗಾದ್ರೆ ಈ ಜನ್ಮಕ್ಕಿಲ್ಲ ಬಿಡಿ," ಅಂದು ಅವನು ಬಕೆಟ್ಟು ಎತ್ತಿಕೊಂಡು ಹೊರಗೆ ಹೋಗಿದ್ದ.

*

ಈ ವರ್ಷ ಫೆಬ್ರವರಿಯಲ್ಲಿ ಸಮಿತಿ ಬಂತು. ಫ್ರಾನ್ಸಿನವರು ನೂರೆಪ್ಪತ್ತು ವರ್ಷದ ಹಿಂದೆಯೇ ತಮ್ಮ ವೈನುಗಳಿಗೆ ದರ್ಜೆ ಕಟ್ಟಿ ಕೂತಿದ್ದಾರೆ, ನಮಗೇನು ಧಾಡಿ ಅಂತ ಯಾರಿಗೋ ಅನ್ನಿಸಿ, ದೇಶದ ನೂರನಲವತ್ತು ವೈನುಗಳನ್ನು ರುಚಿ ನೋಡಿ ಸಾಲು ಹಚ್ಚುವ ಏರ್ಪಾಡಾಯಿತು. ತೊಂಬತ್ತು ಅಂಕ ದಾಟಿದರೆ ಶ್ರೇಷ್ಠ, ಎಂಬತ್ತಕ್ಕೆ ವಿಶೇಷ, ಎಪ್ಪತ್ತಕ್ಕೆ ಉತ್ತಮ. ಅದಕ್ಕಿಂತ ಕೆಳಗಿದ್ದವಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ರುಚಿ ನೋಡುವ ಜಾಗ ದೊಡ್ಡಬಳ್ಳಾಪುರದ ಹೊರಗಿನ ಒಂದು ತರಬೇತಿ ಕೇಂದ್ರದ ಹಾಲ್. ತೀರ್ಪುಗಾರರು ಐವರು. ಐದನೆಯವಳು ಪ್ರಮೋದಾ.

ಆದರೆ ನಿಯಮ ಇತ್ತು. ಪಟ್ಟಿ ಹೊರಬೀಳುವ ತನಕ, ಅಂದರೆ ಇಪ್ಪತ್ತೊಂದು ದಿನ, ತೀರ್ಪುಗಾರರು ವೈನ್ ಮಾಡಿದವರ ಜೊತೆ ಮಾತಾಡಬಾರದು. ಫೋನ್ ಇಲ್ಲ, ಮೆಸೇಜಿಲ್ಲ.

ಅದು ಶುರುವಾಗುವ ಹಿಂದಿನ ದಿನ ಸಂಜೆ ಅವಳು ಚಪ್ಪರದ ಕೆಳಗೆ ನಿಂತು ಅವನಿಗೆ ಇದನ್ನೆಲ್ಲ ಹೇಳಿದಳು.

"ಲೋಟದ ಮೇಲೆ ನಂಬರ್ ಮಾತ್ರ ಇರುತ್ತೆ. ಅಕಸ್ಮಾತ್ ನಾನು ನಿಮ್ಮ ವೈನ್ ಗುರುತು ಹಿಡಿದುಬಿಟ್ರೆ, ಲೋಟ ಕೆಳಗಿಟ್ಟು, ಯಾಕೆ ಅಂತ ಕಾರಣ ಬರೆದು ಸಹಿ ಹಾಕ್ಬೇಕು. ಆಗ ಉಳಿದ ನಾಲ್ವರ ಅಂಕ ಮಾತ್ರ ಲೆಕ್ಕಕ್ಕೆ. ನಾನು ಬರೆದಿದ್ದರ ಪ್ರತಿ ವೈನ್ ಮಾಡಿದವರಿಗೂ ಹೋಗುತ್ತೆ."

"ಗುರುತು ಹಿಡಿದೇ ಹಿಡೀತೀರಿ."

"ಎರಡು ವರ್ಷದ ಅಭ್ಯಾಸ," ಅಂದಳು. "ಪಟ್ಟಿಯಲ್ಲಿ ಬರದಿದ್ರೆ ಏನ್ಮಾಡ್ತೀರಿ?"

ಅವನು ಚಪ್ಪರದ ಕಲ್ಲುಕಂಬವನ್ನು ಒಮ್ಮೆ ತಟ್ಟಿದ. "ಜಮೀನು ದೊಡ್ಡಪ್ಪಂದು, ನಿಮಗೆ ಗೊತ್ತಲ್ಲ. ಪಟ್ಟೀಲಿ ಹೆಸರು ಬಂದ್ರೆ ಚಪ್ಪರ ಇಟ್ಕೋ, ಬರದಿದ್ರೆ ಕಿತ್ತು ಗುಲಾಬಿಗೆ ಪಾಲಿಹೌಸ್ ಹಾಕಿಸ್ತೀನಿ ಅಂದಿದ್ದಾರೆ. ನಮ್ಮ ದೊಡ್ಡಪ್ಪ ಚಿಕ್ಕಬೀರಪ್ಪ ಒಂದ್ಸಲ ಅಂದ್ರೆ ಅಂದ ಹಾಗೇನೇ. ನಂಗೆ ನಾಸಿಕ್‌ನಲ್ಲಿ ಕೆಲಸ ಇದೆ, ಏಪ್ರಿಲ್ ಒಂದಕ್ಕೆ ಬಾ ಅಂದಿದ್ದಾರೆ."

ನಾಸಿಕ್. ಪ್ರಮೋದಾಳ ಎದೆಯೊಳಗೆ ಒಂದು ಎಳೆ ಪಟ್ ಅಂತ ಕಡಿದ ಹಾಗಾಯಿತು. ಹೋಗಬೇಡಿ ಅನ್ನಬಹುದಿತ್ತು. ಯಾವ ಹಕ್ಕಿನಲ್ಲಿ ಅನ್ನುವುದು?

"ಇಪ್ಪತ್ತೊಂದು ದಿನ ತಾನೆ," ಅಂದಳು.

"ಅಂದ್ರೆ ಮೂರು ಮಂಗಳವಾರ," ಅಂದ ಅವನು. ಇನ್ನೂ ಏನೋ ಹೇಳಲು ಬಾಯಿ ತೆರೆದು, "ಕತ್ತಲಾಗುತ್ತೆ, ಹುಷಾರಾಗಿ ಹೋಗಿ ಮೇಡಂ," ಅಂದ.

*

ಮೂರನೇ ದಿನ ಬೆಳಿಗ್ಗೆ ನಾರಾಯಣಮ್ಮ ಟೆರೇಸಿನಿಂದ ಸುದ್ದಿ ತಂದಳು. "ಎದುರು ಮಹಡಿ ರೂಮಿಗೆ ಯಾರೋ ಬಂದವ್ನೆ ಕಣೇ. ಎರಡೇ ಅಂಗಿ ಅನ್ಸುತ್ತೆ ಪಾಪ, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ."

ತಲೆ ಒಣಗಿಸಿಕೊಳ್ಳಲು ಟೆರೇಸಿಗೆ ಹೋದ ಪ್ರಮೋದಾ ಹಗ್ಗದ ಮೇಲಿನ ತಿಳಿನೀಲಿ ಅಂಗಿಯನ್ನು ನೋಡಿದ್ದೇ ನಿಂತಲ್ಲೇ ನಿಂತಳು. ಎಡತೋಳಿನ ಮೇಲೆ ದ್ರಾಕ್ಷಿಯ ಕಲೆ. ಆ ಕಲೆ ಆದ ಮಂಗಳವಾರವೂ ಅವಳಿಗೆ ನೆನಪಿತ್ತು.

ಅಂಗಿಯ ಹಿಂದಿನಿಂದ ಮುನಿಕೃಷ್ಣ ಹಲ್ಲುಜ್ಜುತ್ತಾ ಬಂದ. ಅವಳನ್ನು ನೋಡಿ ಬ್ರಷ್ಷು ಬಾಯಲ್ಲೇ ನಿಂತಿತು. ಮಾತಾಡುವ ಹಾಗಿಲ್ಲ. ಅವನು ನಿಧಾನಕ್ಕೆ ಎರಡು ಕೈಯ ಬೆರಳುಗಳನ್ನು ಎತ್ತಿದ. ಹತ್ತು, ಮತ್ತೆ ಎಂಟು. ಇನ್ನು ಹದಿನೆಂಟು ದಿನ.

ಪ್ರಮೋದಾ ಒದ್ದೆ ಕೂದಲನ್ನು ಮುಖದ ಮೇಲೆ ಎಳೆದುಕೊಂಡು ಅದರ ಹಿಂದೆ ನಕ್ಕಳು. ಮಾತಾಡಬಾರದು ಅಂತ ನಿಯಮದಲ್ಲಿತ್ತು. ನೋಡಬಾರದು ಅಂತ ಇರಲಿಲ್ಲ.

ಅವನು ಅಲ್ಲಿ ರೂಮು ಮಾಡಿದ್ದಕ್ಕೆ ಒಂದು ಕಾರಣ ಅವಳಿಗೆ ತಾನಾಗಿಯೇ ಹೊಳೆಯಿತು. ಕರೆ ಬಂದ ಎರಡು ಗಂಟೆಯೊಳಗೆ ಬಾಟಲುಗಳನ್ನು ಹಾಲ್‌ಗೆ ತಲುಪಿಸಬೇಕು ಅಂತ ಸಮಿತಿ ಹೇಳಿತ್ತು, ಮಾಕಳಿಯಿಂದ ಬರುವುದಕ್ಕಿಂತ ಇಲ್ಲಿಂದ ಹತ್ತಿರ. ಇರಬಹುದು. ಆದರೆ ಊರಲ್ಲಿ ಇಷ್ಟು ಬೀದಿ ಇರುವಾಗ ಇದೇ ಬೀದಿ ಯಾಕೆ ಅಂತ ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಬಂದುಬಿಡುತ್ತಿತ್ತು.

ದಿನಾ ಬೆಳಿಗ್ಗೆ ಏಳೂಕಾಲಿಗೆ ಅವಳು ಟೆರೇಸಿಗೆ ಹೋಗುವಳು. ದಿನಾ ಒಂದು ಬೆರಳು ಕಮ್ಮಿಯಾಗುವುದು. ಬುಧವಾರ ಅವಳು ಕನಕಾಂಬರ ಮುಡಿದು ಹೋದರೆ ಅವನು ಅದನ್ನೇ ನೋಡಿ, ನೋಡಿ, ಒಣಗಿದ ಅಂಗಿಯನ್ನು ಮತ್ತೆ ಹಿಂಡಲು ಹೋದ. ಸಂಜೆ ಹಾಲ್‌ನಿಂದ ಬಂದವಳು ಕಿಟಕಿಯ ಪಕ್ಕ ಕೂತು ಎದುರಿನ ಮಹಡಿಯ ಬಾಗಿಲನ್ನು ಕಾಯುವಳು. ದಿನಕ್ಕೆ ಹತ್ತು ವೈನು ನಾಲಿಗೆಯ ಮೇಲೆ ಬಂದುಹೋಗುತ್ತಿದ್ದವು. ಯಾವುದರಲ್ಲೂ ಅವಳಿಗೆ ಬೇಕಾದ್ದು ಇರಲಿಲ್ಲ. ಅವನ ಧ್ವನಿ ಬೇಕಿತ್ತು. "ಉಟ್ಕೊಳ್ಳೋದಾ ಕುಡಿಯೋದಾ ಮೇಡಂ" ಅನ್ನುವ ಆ ಒಂದು ಹಳೆಯ ಹಾಸ್ಯ ಬೇಕಿತ್ತು. ಇಪ್ಪತ್ತು ಅಡಿ ಬೀದಿ ಇಷ್ಟು ಅಗಲ ಇರುತ್ತದೆ ಅಂತ ಅವಳಿಗೆ ಅದುವರೆಗೂ ತಿಳಿದಿರಲಿಲ್ಲ.

*

ಹದಿನಾರನೇ ದಿನ ಬೆಂಗಳೂರು ಬ್ಲೂ ಸರದಿ.

ಹಾಲ್‌ನ ಬಾಗಿಲಿಗೆ ಕಾರ್ಯದರ್ಶಿ ಕಾಂತರಾಜು ಒಂದು ಹಾಳೆ ಅಂಟಿಸಿದ್ದ: 'ಸೆಂಟು ಹಾಕಿದವರಿಗೆ, ಹೂವು ಮುಡಿದವರಿಗೆ ಪ್ರವೇಶವಿಲ್ಲ.' ಕನಕಾಂಬರಕ್ಕೆ ವಿನಾಯಿತಿ ಕೊಡಿ ಅಂತ ಪ್ರಮೋದಾ ಮೊದಲ ದಿನವೇ ವಾದ ಮಾಡಿ ಗೆದ್ದಿದ್ದಳು.

ಆರು ಲೋಟ. ಮೊದಲೆರಡು ಸಪ್ಪೆ. ಮೂರನೆಯದನ್ನು ಮೂಗಿನ ಹತ್ತಿರ ತಂದಳು, ಅಷ್ಟೆ. ಕಣ್ಣು ತಾನಾಗಿ ಮುಚ್ಚಿತು. ಚಪ್ಪರದ ಕೆಳಗಿನ ಒದ್ದೆ ಕೆಮ್ಮಣ್ಣು, ಬಿಸಿಲಿಗೆ ಬಿರಿದ ಸಿಪ್ಪೆ, ಆ ನೆಲಮಾಳಿಗೆ, ಬಾಳೆ ಎಲೆಯ ತುಂಡು. ಅವನೇ. ಒಂದು ಗುಟುಕು ತೆಗೆದುಕೊಂಡು ಬಾಯಲ್ಲೇ ಇಟ್ಟುಕೊಂಡಳು. ಅವತ್ತು ಅವಳಿಗೆ ಉಗುಳಲು ಎಷ್ಟು ಕಷ್ಟವಾಯಿತು ಅನ್ನುವುದನ್ನು ಯಾರಿಗೂ ಹೇಳಿಲ್ಲ.

ಲೋಟ ಕೆಳಗಿಟ್ಟು ಕೈ ಎತ್ತಿದಳು.

"ಗುರುತು ಸಿಕ್ತು. ನಾನು ಅಂಕ ಕೊಡಲ್ಲ."

ಕಾಂತರಾಜು ಫಾರಂ ತಂದ. ಅವಳು 'ವೈಯಕ್ತಿಕ' ಅಂತ ಬರೆದು ಕೊಟ್ಟಳು. ಅವನು ಕನ್ನಡಕ ಸರಿಮಾಡಿಕೊಂಡು ವಾಪಸ್ ಕೊಟ್ಟ.

"ಹಿಂಗೆ ಬರೆದ್ರೆ ನಡೆಯಲ್ಲ ಮೇಡಂ. ನೆಂಟರಾ, ಪಾಲುದಾರರಾ, ಜಗಳಾನಾ? ಬಿಡಿಸಿ ಬರೀಬೇಕು. ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

ಪ್ರಮೋದಾ ಪೆನ್ನು ಹಿಡಿದು ಒಂದೊಂದನ್ನೇ ತೂಗಿ ನೋಡಿದಳು. ನೆಂಟರಲ್ಲ. ಪಾಲುದಾರರಲ್ಲ. ಜಗಳ ಅಂದರೆ ಆ ಹೂವಿನ ಜಗಳ ಒಂದೇ. ಸುಳ್ಳು ಬರೆದು ಸಹಿ ಹಾಕುವ ಜಾಯಮಾನ ಅವಳದಲ್ಲ. ಕೊನೆಗೆ ಬರೆದಳು:

'ಈ ವೈನ್ ಮಾಡಿದವರ ಮೇಲೆ ನನಗೆ ಮನಸ್ಸಿದೆ. ಎರಡು ವರ್ಷವಾಯಿತು. ಅವರಿಗೆ ಇನ್ನೂ ಹೇಳಿಲ್ಲ.'

ಕಾಂತರಾಜು ಓದಿದ. ಇನ್ನೊಮ್ಮೆ ಓದಿದ. "ಹಾಂ, ಇದು ಸ್ಪಷ್ಟವಾಗಿದೆ," ಅಂದು ಸೀಲು ಒತ್ತಿದ.

ಎದೆ ಹಗುರಾಗಿತ್ತು. ಹೇಳಲಾರದ ಮಾತು ಸರ್ಕಾರಿ ಶೈಲಿಯಲ್ಲಿ ಅವನ ಕೈ ಸೇರುತ್ತದೆ, ಸೇರಲಿ. ಅದೇ ಹಗುರಿನಲ್ಲಿ ಐದನೇ ಲೋಟ ಎತ್ತಿದಳು. ಅದು ಯಾವುದೋ ಮಂಕಾದ, ಕದಡಿದ ವೈನು. ಅರವತ್ತೊಂದು ಅಂಕ ಹಾಕಿ ಕೆಳಗೆ ಬರೆದಳು: 'ಹಾಸು ಇದೆ, ಹೊಕ್ಕು ಎಲ್ಲೋ ಕಳೆದುಹೋಗಿದೆ. ಹೇಳಬೇಕಾದ ಮಾತು ಬಾಯಿತನಕ ಬಂದು ನಿಂತಿದೆ, ಹೊರಗೆ ಬರುತ್ತಿಲ್ಲ.'

*

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಅವನು ಟೆರೇಸಿಗೆ ಬಂದು ಒಂದೂ ಬೆರಳು ಎತ್ತಲಿಲ್ಲ, ಬರಿಗೈ ತೋರಿಸಿ ನಕ್ಕ. ಹನ್ನೊಂದಕ್ಕೆ ಪಟ್ಟಿ ಹೊರಬಿತ್ತು. ಪ್ರಮೋದಾ ಮೊಬೈಲಿನಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಓದಿದಳು. ಮುನಿಕೃಷ್ಣನ ವೈನಿನ ಹೆಸರು ಇರಲಿಲ್ಲ.

ಕಾಂತರಾಜುವಿಗೆ ಫೋನ್ ಮಾಡಿದಳು. "ಬೆಂಗಳೂರು ಬ್ಲೂ, ಮೂರನೇ ಲೋಟ. ಅದಕ್ಕೆ ಎಷ್ಟು ಬಂತು?"

"ಅದು ಎಂಬತ್ಮೂರು ಮೇಡಂ, ವಿಶೇಷ ದರ್ಜೆ. ದೇವನಹಳ್ಳಿ ಕಡೆ ಗೋವಿಂದರಾಜು ಅನ್ನೋರ್ದು."

"ಮತ್ತೆ ಮಾಕಳಿಯವರದು?"

"ಐದನೇ ಲೋಟ. ಅರವತ್ತೊಂಬತ್ತೂವರೆ ಹತ್ತಿರ ಬಂದು ನಿಂತುಬಿಡ್ತು. ಮಿಕ್ಕ ನಾಲ್ವರೂ ಎಪ್ಪತ್ತು ದಾಟಿಸಿದ್ರು. ನೀವೊಬ್ರೇ ಅರವತ್ತೊಂದು."

ಅವಳು ಫೋನ್ ಕೆಳಗಿಟ್ಟಳು. ಅವನಿಗೆ ಅನ್ಯಾಯವಾಗಬಾರದು, ಪಕ್ಷಪಾತವೂ ಆಗಬಾರದು ಅಂತ ಬೇರೆ ಯಾರದೋ ಲೋಟ ಕೆಳಗಿಟ್ಟಳು. ಅವನ ಲೋಟಕ್ಕೆ ತನ್ನ ಕೈಯಾರೆ ಕಲ್ಲು ಹಾಕಿದಳು. ಎರಡು ವರ್ಷದ ನಾಲಿಗೆ ಅವನನ್ನೇ ಗುರುತಿಸಲಿಲ್ಲ. ಅವಳು ಅಡುಗೆಮನೆಗೆ ಹೋಗಿ, ಈರುಳ್ಳಿ ಇಲ್ಲದೆಯೇ ಅತ್ತಳು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಅರವತ್ತು ದಾಟಿದ, ದೊಡ್ಡ ಕುಂಕುಮದ ಹೆಂಗಸೊಬ್ಬಳು ಒಂದು ಕವರ್ ಹಿಡಿದು ಒಳಗೆ ಬಂದಳು.

"ಪ್ರಮೋದಾ ಅಂದ್ರೆ ನೀನೇನಾ? ನಾನು ಕದಿರಮ್ಮ. ದೇವನಹಳ್ಳಿ ಗೋವಿಂದರಾಜು ಹೆಂಡ್ತಿ."

ಪ್ರಮೋದಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಮ್ಮೆಜಮಾನ್ರ ಮೇಲೆ ಎರಡು ವರ್ಷದಿಂದ ಮನಸ್ಸಿಟ್ಟವಳು ಯಾರು, ನೋಡ್ಕೊಂಡು ಬರಾನ ಅಂತ ಬಂದೆ," ಅಂದು ಕದಿರಮ್ಮ ಫಾರಂ ಬಿಚ್ಚಿ ತೋರಿಸಿದಳು. "ಆವಪ್ಪ ಇದನ್ನ ಓದಿ ಕನ್ನಡಿ ಮುಂದೆ ನಿಂತವ್ನೆ ಕಣವ್ವ, ಬೆಳಿಗ್ಗೆಯಿಂದ. ಮೀಸೆಗೆ ಬಣ್ಣ ಬೇರೆ ಹಚ್ಕೊಂಡವ್ನೆ. ಸಂಬಳವಿಲ್ದೆ ನಲವತ್ತು ವರ್ಷ ಸಾಕಿದೀನಿ, ಬೇಕಾದ್ರೆ ಕರ್ಕೊಂಡು ಹೋಗು."

ಅಳುವಿನ ಮಧ್ಯೆ ಪ್ರಮೋದಾಳಿಗೆ ನಗು ಬಂದುಬಿಟ್ಟಿತು. ಕದಿರಮ್ಮನೂ ನಕ್ಕಳು. ಆಮೇಲೆ ಪಕ್ಕದಲ್ಲಿ ಕೂತು ಅವಳ ಗಲ್ಲ ಹಿಡಿದು, "ಯಾರಿಗೆ ಬರೆದಿದ್ದು ಮಗಳೇ?" ಅಂದಳು.

"ಮಾಕಳಿದುರ್ಗದ ಮುನಿಕೃಷ್ಣ ಅಂತ."

"ಪಿಳ್ಳಪ್ಪನ ಮೊಮ್ಮಗನಾ! ಅದಕ್ಕೇಯ. ನಮ್ಮ ಗಿಡ ಎಲ್ಲಾ ಪಿಳ್ಳಪ್ಪನ ಚಪ್ಪರದ ಕಡ್ಡಿ ತಂದು ನೆಟ್ಟಿದ್ದು. ವಾಸನೆ ಒಂದೇ ಥರ ಇರ್ದೆ ಇನ್ನೆಂಗಿರ್ತದೆ? ನಿನ್ನ ಮೂಗು ಮನೆತನ ಸರಿಯಾಗೇ ಹಿಡಿದೈತೆ, ಮನೆ ತಪ್ಪೈತೆ ಅಷ್ಟೆ." ಕವರನ್ನು ಅವಳ ಕೈಗಿಟ್ಟಳು. "ಇದು ನಮ್ಮನೆ ಕಾಗದ ಅಲ್ಲ. ಸರಿಯಾದ ಬಾಗಿಲಿಗೆ ನೀನೇ ಮುಟ್ಟಿಸು, ಹೋಗು."

*

ಎದುರು ಮಹಡಿಯ ಮೆಟ್ಟಿಲು ಹದಿನಾಲ್ಕು. ಕೆಳಗಿನ ಶೆಡ್ಡಿನಲ್ಲಿ ಎಂಟು ಪವರ್‌ಲೂಮುಗಳು ಒಟ್ಟಿಗೆ ಬಡಿಯುತ್ತಿದ್ದವು. ರೂಮಿನಲ್ಲಿ ಮುನಿಕೃಷ್ಣ ಬ್ಯಾಗಿಗೆ ಆ ಎರಡು ಅಂಗಿಗಳನ್ನು ತುಂಬುತ್ತಿದ್ದ. ಮಂಚದ ಮೇಲೆ ಅಂಕಪಟ್ಟಿ ಬಿದ್ದಿತ್ತು. ಅದರಲ್ಲಿ ತೀರ್ಪುಗಾರರ ಹೆಸರಿರುವುದಿಲ್ಲ, ಆದರೆ ಹಾಸು ಹೊಕ್ಕು ಅಂತ ಬರೆಯುವವರು ಈ ದೇಶದಲ್ಲಿ ಇನ್ಯಾರಿದ್ದಾರೆ?

"ಬನ್ನಿ ಮೇಡಂ," ಅಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಗುರುತು ಸಿಗಲಿಲ್ಲ ಅಲ್ವಾ?"

"ಇಲ್ಲ."

"ಎರಡು ವರ್ಷ ನೋಡಿದ ಮೇಲೂ?"

ಅವಳು ಮಂಚದ ಅಂಚಿಗೆ ಕೂತಳು. ಅವನು ಚೊಂಬಿನಿಂದ ಸ್ಟೀಲ್ ಲೋಟಕ್ಕೆ ನೀರು ಬಗ್ಗಿಸಿ, ಅವಳ ಮುಂದಿನ ಸ್ಟೂಲಿನ ಮೇಲಿಟ್ಟ. ಅವಳು ಕುಡಿಯಲಿಲ್ಲ. ಆ ನೀರನ್ನೇ ನೋಡುತ್ತಾ ಕೂತಳು. ಲೋಟದ ನೀರು ಸುಮ್ಮನಿರಲಿಲ್ಲ. ಕೆಳಗೆ ಮಗ್ಗ ಬಡಿದಂತೆಲ್ಲ ಒಂದರ ಹಿಂದೆ ಒಂದು ಸಣ್ಣ ಬಳೆಗಳು ಎದ್ದು ಅಂಚಿಗೆ ಹೋಗುತ್ತಿದ್ದವು.

ಹುಟ್ಟಿದಾಗಿಂದ ಈ ನಡುಕದ ಮೇಲೇ ನಡೆದವಳಿಗೆ ಅದು ಇದೆ ಅನ್ನುವುದೇ ಮರೆತುಹೋಗಿತ್ತು.

"ಬಾಟ್ಲುಗಳನ್ನ ಎಲ್ಲಿಟ್ಟಿದ್ರಿ?"

"ಇಲ್ಲೇ, ಮಂಚದ ಕೆಳಗೆ. ತಣ್ಣಗಿತ್ತು, ಕತ್ತಲಿತ್ತು."

"ಎಷ್ಟು ದಿನ?"

"ಹದಿಮೂರು ದಿನ."

"ಮುನಿಕೃಷ್ಣ ಅವರೇ! ಎಂಟು ಮಗ್ಗದ ತಲೆ ಮೇಲೆ ಹದಿಮೂರು ದಿನ! ಅಲುಗಾಡಿದ ವೈನ್ ಮಂಕಾಗುತ್ತೆ ಅಂತ ನಂಗೆ ಹೇಳಿಕೊಟ್ಟಿದ್ದೇ ನೀವಲ್ವಾ?"

ಅವನು ಬ್ಯಾಗು ಬಿಟ್ಟು ನೆಲವನ್ನು ನೋಡಿದ. ಬಗ್ಗಿ ಅಂಗೈ ಇಟ್ಟು ನೋಡಿದ. "ಸದ್ದು ಕೇಳ್ತಿತ್ತು. ನಡುಕದ ಕಡೆ ಗಮನವೇ ಹೋಗಲಿಲ್ಲ."

"ಎಲ್ಲಿತ್ತು ಗಮನ?"

"ಏಳೂಕಾಲಿಗೆ ನೀವು ತಲೆ ಒಣಗಿಸೋಕೆ ಬರ್ತಿದ್ರಿ," ಅಂದ ಅವನು, ನೆಲದ ಮೇಲೇ ಕೂತು. "ಸಂಜೆ ಕಿಟಕಿ ಹತ್ರ ಕೂತ್ಕೋತಿದ್ರಿ. ಮಧ್ಯದಲ್ಲಿ ಹತ್ತು ಗಂಟೆ ಹೆಂಗೆ ಕಳೆಯೋದು ಅನ್ನೋದರ ಕಡೆ ಇತ್ತು. ಬಾಟ್ಲು ತಲುಪಿಸೋಕೆ ಹತ್ತಿರ ಅಂತ ಮನೇಲಿ ಹೇಳಿದ್ದು ಸುಳ್ಳು. ಇಪ್ಪತ್ತೊಂದು ದಿನ ನಿಮ್ಮನ್ನ ನೋಡ್ದೆ ನಂಗೆ ಇರೋಕಾಗ್ತಿರಲಿಲ್ಲ. ಮಾತಾಡೋಂಗಿಲ್ಲ ಅಂದ್ರು, ಸರಿ. ನೋಡೋಕೇನು ಅಂತ ಬಂದ್ಬಿಟ್ಟೆ. ತಾತನ ಚಪ್ಪರಾನ ನಾನೇ ಕುಡುಗೋಲು ತಗೊಂಡು ಕಡಿದ ಹಾಗಾಯ್ತು."

ಪ್ರಮೋದಾ ಕವರನ್ನು ಅವನ ಕೈಗಿಟ್ಟಳು. ಅವನು ಮೊದಲು ಮೇಲಿನ ವಿಳಾಸ ಓದಿದ.

"ಗೋವಿಂದರಾಜು, ದೇವನಹಳ್ಳಿ?"

"ಒಳಗೆ ಓದಿ."

ಓದಿದ. ಮಗ್ಗಗಳು ಬಡಿಯುತ್ತಲೇ ಇದ್ದವು. ಅವನು ತಲೆ ಎತ್ತಿದಾಗ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು, ಎರಡರಲ್ಲಿ ಯಾವುದನ್ನು ಮೊದಲು ಒರೆಸಿಕೊಳ್ಳಬೇಕೋ ತಿಳಿಯದವನ ಹಾಗೆ ಕೂತಿದ್ದ.

"ಇದನ್ನ ಅವರು ಓದಿದ್ರಾ?"

"ಮೀಸೆಗೆ ಬಣ್ಣ ಹಚ್ಕೊಂಡಿದ್ದಾರಂತೆ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವನು ಮೆಲ್ಲಗೆ, "ಪ್ರಮೋದಾ," ಅಂದ. ಮೇಡಂ ಇಲ್ಲದೆ, ಬರೀ ಹೆಸರು. ಅದು ಅವಳ ಮೈಯೆಲ್ಲ ಹಾದುಹೋಯಿತು. "ನಾಸಿಕ್‌ಗೆ ಹೋಗೋಕೆ ಇನ್ನು ಹದಿನಾರು ದಿನ ಇದೆ. ಈಗ ಹೇಳ್ತಾ ಇದ್ದೀರಲ್ಲ."

"ಮೂವತ್ತು ದಿನದೊಳಗೆ ಒಂದ್ಸಲ ಮರುಪರೀಕ್ಷೆ ಕೇಳಬಹುದು. ಬಾಟ್ಲು ಕೆಟ್ಟಿತ್ತು ಅಂತ ತೀರ್ಪುಗಾರರೊಬ್ಬರು ಬರೆದುಕೊಡ್ಬೇಕು. ನಾನು ಬರೆದುಕೊಡ್ತೀನಿ. ಮಾಕಳಿಯಲ್ಲಿ ಅಲುಗಾಡದ ಬಾಟ್ಲು ಇದಾವಲ್ಲ?"

"ಇದಾವೆ. ಆದ್ರೆ ನೀವು ಬರೆದುಕೊಟ್ರೆ..."

"ಈ ಫಾರಮ್ಮನ್ನೂ ಸರಿ ನಂಬರ್ ಹಾಕಿ ಮತ್ತೆ ಕೊಡ್ಬೇಕಾಗುತ್ತೆ. ಆಮೇಲೆ ಸಮಿತಿಯಲ್ಲಿ ನನಗೆ ಜಾಗ ಇಲ್ಲ. ನಿಮ್ಮ ವೈನಿಗೆ ನಾನು ಇನ್ಯಾವತ್ತೂ ಅಂಕ ಹಾಕೋ ಹಾಗಿಲ್ಲ."

ಅದು ಅವಳು ಎಷ್ಟು ಕಷ್ಟಪಟ್ಟು ಗಳಿಸಿದ ಕುರ್ಚಿ ಅನ್ನುವುದು ಅವನಿಗೆ ಗೊತ್ತಿತ್ತು. ಬೇಡ ಅನ್ನಲು ಬಾಯಿ ತೆರೆದ. ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಎರಡು ವರ್ಷದಲ್ಲಿ ಅವರು ಮೊದಲ ಸಲ ತಾಗಿದ್ದು ಹಾಗೆ.

*

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಮರುಪರೀಕ್ಷೆ. ನಾಲ್ಕು ದಿನ ಮೊದಲೇ ಆರು ಬಾಟಲುಗಳು ಮಾಕಳಿಯಿಂದ ಬಂದು ಹಾಲ್‌ನಲ್ಲಿ ಮಲಗಿದ್ದವು. ದಾರಿಯುದ್ದಕ್ಕೂ ಕಾರಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಪ್ರಮೋದಾ. ರಸ್ತೆಯ ಪ್ರತಿ ಉಬ್ಬಿಗೂ ಮುನಿಕೃಷ್ಣನನ್ನು ಬೈದಳು.

ಆ ದಿನ ಬೆಳಿಗ್ಗೆ ಅವನು ಅವಳ ಮನೆಗೇ ಬಂದ. ನಾರಾಯಣಮ್ಮನ ಕೈಗೆ ಒಂದು ಪೊಟ್ಟಣ ಕೊಟ್ಟ. ಬಿಚ್ಚಿದರೆ ಗುಂಡುಮಲ್ಲಿಗೆ, ಒಂದಲ್ಲ, ಮೂರು ಮೊಳ.

"ಇವತ್ತು ಇವರು ಯಾರಿಗೂ ಅಂಕ ಹಾಕಲ್ಲ ಅಮ್ಮ," ಅಂದ ಅವನು, ನೆಲ ನೋಡುತ್ತಾ. "ಮುಡಿಸ್ತೀರಾ?"

ನಾರಾಯಣಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎರಡಂಗಿ ಹುಡುಗ ಅಲ್ವೇನೇ ಇವನು?" ಅಂದು, ಮಗಳನ್ನು ಎಳೆದು ಕೂರಿಸಿಕೊಂಡಳು.

ಹಾಲ್‌ನ ಬಾಗಿಲಲ್ಲಿ ಅದೇ ಹಾಳೆ. ಹೂವು ಮುಡಿದವರಿಗೆ ಪ್ರವೇಶವಿಲ್ಲ. ಅವರಿಬ್ಬರೂ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಕಾದರು. ಒಂದು ಗಂಟೆ, ಎರಡು ಗಂಟೆ. ಒಳಗಿರುವ ನಾಲ್ವರಲ್ಲಿ ಯಾರು ಮೂಗು ಎಳೆಯುತ್ತಾರೆ, ಯಾರು ಮೊದಲು ಉಗುಳುತ್ತಾರೆ ಅನ್ನುವುದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಒಳಗೆ ಇರಬೇಕಿತ್ತು ಅನ್ನಿಸಿತು, ನಿಜ. ಅವನ ಕೈ ಅವಳ ಕೈಯೊಳಗೆ ಬೆವರುತ್ತಿತ್ತು.

ಕಾಂತರಾಜು ಹೊರಗೆ ಬಂದ. ಮಲ್ಲಿಗೆಯ ಘಮ ತಾಗಿ ನಾಲ್ಕು ಹೆಜ್ಜೆ ದೂರದಲ್ಲೇ ನಿಂತ.

"ಎಪ್ಪತ್ತೆಂಟು," ಅಂದ. "ಉತ್ತಮ ದರ್ಜೆ. ಬೆಂಗಳೂರು ಬ್ಲೂ ಎರಡನೇದು ಪಟ್ಟಿಗೆ ಬಂತು." ಆಮೇಲೆ ಕೈಯಲ್ಲಿದ್ದ ಬಾಟಲು ಕೊಟ್ಟ. "ಒಂದು ತೆರೆದದ್ದು ಹಂಗೇ ಉಳೀತು. ತಗೊಂಡ್ಹೋಗಿ. ಇನ್ನೊಂದು ಮಾತು, ಮದುವೆಗೆ ಗೋವಿಂದರಾಜು ಅವರನ್ನ ಕರೀಬೇಡಿ."

ಮುನಿಕೃಷ್ಣ ಮೊದಲು ದೊಡ್ಡಪ್ಪನಿಗೆ ಫೋನ್ ಮಾಡಿದ. ಆ ಕಡೆಯಿಂದ ಚಿಕ್ಕಬೀರಪ್ಪ, "ಇಟ್ಕೋ ಹೋಗ್ಲಾ," ಅಂದದ್ದು ಅವಳಿಗೂ ಕೇಳಿಸಿತು. ಆಮೇಲೆ ನಾಸಿಕ್‌ಗೆ ಫೋನ್ ಮಾಡಿ ಬರುವುದಿಲ್ಲ ಅಂದ. ಆಮೇಲೆ ಸ್ಟೀಲ್ ಲೋಟ ತೆಗೆದ. ಅದನ್ನು ಅವನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ.

ಬಗ್ಗಿಸಿ ಕೊಡುವಾಗ ಈ ಸಲ ಬೆರಳು ತಪ್ಪಿಸಲಿಲ್ಲ.

ಅವಳು ಒಂದು ಗುಟುಕು ತೆಗೆದುಕೊಂಡಳು. ಕಣ್ಣು ಮುಚ್ಚಿದಳು. ಅವನು ಅಭ್ಯಾಸಬಲದಿಂದ ಬಕೆಟ್ಟಿಗಾಗಿ ಸುತ್ತ ನೋಡಿದ. ಅವಳು ತಲೆಯಾಡಿಸಿದಳು. ಅವಳ ಕೊರಳು ಒಮ್ಮೆ ಮೇಲೆ ಕೆಳಗೆ ಆದದ್ದನ್ನು ಅವನು ನೋಡುತ್ತಾ ನಿಂತ. ಎರಡು ವರ್ಷದ ಅಷ್ಟೂ ಮಂಗಳವಾರಗಳು ಆ ಒಂದು ಗುಟುಕಿನಲ್ಲಿ ಒಳಗೆ ಇಳಿದವು.

"ಹೆಂಗಿದೆ?" ಅಂದ.

ದೇಶದ ನೂರನಲವತ್ತು ವೈನುಗಳಿಗೆ ಮೂಗು ಒಡ್ಡಿದವಳು ಕಣ್ಣು ತೆರೆದು ಅವನನ್ನು ನೋಡಿದಳು.

"ಗೊತ್ತಿಲ್ಲ ಕಣ್ರೀ. ಮಲ್ಲಿಗೆ ಘಮದಲ್ಲಿ ಏನೂ ತಿಳೀತಿಲ್ಲ," ಅಂದಳು. "ಇನ್ನೊಂದು ಗುಟುಕು ಹಾಕಿ."